ಗೇರ್ ಜಾರಲಿಲ್ಲ, ಹಾರಿತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ವಾಹನ ಪುಟದಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳ ಬಗ್ಗೆ ಲೇಖನ ಬಂದಿತ್ತು. ಚೆನ್ನಾಗಿಯೇ ಇತ್ತು. ಟೈರು, ಸಸ್ಪೆನ್ಷನ್, ಚಾಸಿಸ್ ತುಕ್ಕು ಎಲ್ಲವನ್ನೂ ಬಿಡಿಸಿ ಹೇಳಿದ ಲೇಖಕರು, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ವಿಷಯ ಬಂದಾಗ ಮಾತ್ರ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದರು. ಗೇರ್ ಸ್ಲಿಪ್ ಆಗುತ್ತಿದೆ, ಅಂದರೆ ಹಿಡಿಯದೆ ಜಾರುತ್ತಿದೆ ಅಂದರೆ ಬಾಕ್ಸ್ ಹೋಯಿತು ಅಂತ ಅರ್ಥವಂತೆ. ಇಳಿಸಿ ಬಿಚ್ಚಿಸಬೇಕಂತೆ, ಇಲ್ಲವೇ ಬೇರೆ ಹಾಕಿಸಬೇಕಂತೆ.

ಆ ಒಂದು ಸಾಲಿಗಾಗಿ ಈ ಪತ್ರ. ಅದೇ ಮಾತನ್ನು ನಾನು ಮೂರು ವರ್ಕ್‌ಶಾಪ್‌ಗಳಲ್ಲಿ ಕೇಳಿಸಿಕೊಂಡು ಬಂದವನು. ಮೂರು ಕಡೆಯೂ ಅದು ತಪ್ಪಾಗಿತ್ತು.

ನನ್ನದು 1996ರ ಗಾಡಿ. ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯವಲ್ಲ, ತಪ್ಪು ಅವರದ್ದೂ ಅಲ್ಲ. ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್, ಅದರ ಹಿಂದೆ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ, ಹೈ ಮತ್ತು ಲೋ ಇರುವ ಟ್ರಾನ್ಸ್‌ಫರ್ ಕೇಸ್. ಬೆಳಗ್ಗೆ ಹೊರಟಾಗ ಹೂವಿನ ಹಾಗೆ ಓಡುತ್ತಿತ್ತು. ಅರ್ಧ ಗಂಟೆ ಕಳೆದು ಬಿಸಿಯಾದ ಮೇಲೆ ಶುರುವಾಗುತ್ತಿತ್ತು ಅದರ ಆಟ. ಏರು ಸಿಕ್ಕರೆ ದಮ್ಮು ಕಟ್ಟಿದ ಹಾಗೆ ಆಗುತ್ತಿತ್ತು. ಪೆಡಲ್ ಒತ್ತಿದರೆ ಎಂಜಿನ್ ಇದ್ದಕ್ಕಿದ್ದ ಹಾಗೆ ಅರಚುತ್ತಿತ್ತು. ಕಾಲು ತೆಗೆದರೆ ಮತ್ತೆ ಮಂಕು. ಒಂದು ಗಂಟೆ ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ, ಏನೂ ಆಗಿಲ್ಲ ಅನ್ನುವ ಹಾಗೆ ಸರಿಯಾಗಿ ಓಡುತ್ತಿತ್ತು.

ನಾನು 27 ವರ್ಷ ಲೋಡರ್, ಡೋಜರ್‌ಗಳ ಹೈಡ್ರಾಲಿಕ್ಸ್ ರಿಪೇರಿ ಮಾಡಿದವನು. ಪಂಪು, ವಾಲ್ವು, ಪ್ರೆಷರ್ ಗೇಜು ಇವೇ ನನ್ನ ಅನ್ನ. ಆದರೂ ನನ್ನದೇ ಗಾಡಿ ಕೈಕೊಟ್ಟಾಗ ಊರಿಗೆಲ್ಲ ಮದ್ದು ಕೊಡುವವನು ತನ್ನ ಜ್ವರಕ್ಕೆ ಹೆದರಿದ ಹಾಗಾಯಿತು. ಬೇರೆಯವರ ಹತ್ತಿರ ಓಡಿದೆ. ಮೊದಲನೆಯವರು ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಎಳೆದು ಮೂಸಿ ತಲೆಯಾಡಿಸಿದರು. ಎರಡನೆಯವರು ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ತಂದರು. ಇಷ್ಟು ಹಳೆಯ ಗಾಡಿಗೆ ಅದು ಕನೆಕ್ಟ್ ಆಗಲೇ ಇಲ್ಲ. ಮೂರನೆಯವರು ಒಂದು ಸುತ್ತು ಓಡಿಸಿ, ಒಳಗೆ ಗೇರನ್ನು ಹಿಡಿದಿಡುವ ಕ್ಲಚ್ ಪ್ಲೇಟೆಲ್ಲ ಸವೆದಿದೆ, ಪೂರ್ತಿ ಬಿಚ್ಚಬೇಕು ಅಂದರು. ಹೇಳಿದ ಮೊತ್ತ ಗಾಡಿಯ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ಮೂವರಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇತ್ತು: ತೊಂದರೆ ಆಗುವ ಗಳಿಗೆಯಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಏರುತ್ತದೋ, ಇಳಿಯುತ್ತದೋ?

ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ ಅನ್ನಿ. ಓಡಿಸುವವನ ಕಣ್ಣು ರಸ್ತೆಯ ಮೇಲಿರುತ್ತದೆ. ಅದಕ್ಕೇ ಒಂದು ದಿನ ಮಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿದೆ. ಕೈಗೆ ನೋಟ್‌ಬುಕ್ ಕೊಟ್ಟೆ. ಒಂದು ಕಾಲಂನಲ್ಲಿ ವೇಗ, ಇನ್ನೊಂದರಲ್ಲಿ ಆರ್‌ಪಿಎಂ, ಅಷ್ಟೇ ಬರಿ ಅಂದೆ. ಒಂದೇ ಏರು, ಒಂದೇ ಪೆಡಲ್. ಮೊದಲು ತಣ್ಣಗಿದ್ದಾಗ ಹತ್ತಿಸಿದೆವು, ಆಮೇಲೆ ಚೆನ್ನಾಗಿ ಬಿಸಿಯಾದ ಮೇಲೆ.

ತಣ್ಣಗಿದ್ದಾಗ 40 ಕಿ.ಮೀ. ಹತ್ತಿರ ಮುಳ್ಳು 3300ರಿಂದ 2100ಕ್ಕೆ ಇಳಿಯಿತು. ಅದು ಒಂದರಿಂದ ಎರಡನೇ ಗೇರ್. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು, ಮೂರನೆಯದು. ಬಿಸಿಯಾದ ಮೇಲೆ ಅದೇ ಜಾಗದಲ್ಲಿ 3300ರಿಂದ ನೇರ 1600ಕ್ಕೆ ಬಿತ್ತು. ಆಮೇಲೆ ಎಷ್ಟು ದೂರ ಹೋದರೂ ಇನ್ನೊಂದು ಶಿಫ್ಟ್ ಆಗಲಿಲ್ಲ. ನಾನು ಪೆಡಲ್ ಒತ್ತಿದೆ, ಎಂಜಿನ್ ಅರಚಿತು, ಮುಳ್ಳು ಮತ್ತೆ 3300ರ ಮೇಲೆ. ಮಗಳು ಪೆನ್ನು ನಿಲ್ಲಿಸಿ ಹೇಳಿದಳು: "ಅಪ್ಪಾ, ಇದು ಜಾರ್ತಿಲ್ಲ, ಹಾರ್ತಿದೆ."

ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಕ್ಲಚ್ ಜಾರಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಇಲ್ಲಿ ಗೇರ್ ಹಿಡಿಯುತ್ತಿತ್ತು, ಗಟ್ಟಿಯಾಗಿಯೇ ಹಿಡಿಯುತ್ತಿತ್ತು. ಹಿಡಿಯುತ್ತಿದ್ದುದು ತಪ್ಪು ಗೇರ್. ಒಂದರಿಂದ ನೇರವಾಗಿ ನಾಲ್ಕಕ್ಕೆ ಹಾರಿ, ಪೆಡಲ್ ಒತ್ತಿದಾಗ ನಾಲ್ಕರಿಂದ ಮತ್ತೆ ಒಂದಕ್ಕೆ ಬೀಳುತ್ತಿತ್ತು. ಆ ಅರಚಾಟವನ್ನೇ ಎಲ್ಲರೂ ಸ್ಲಿಪ್ ಅಂದುಕೊಂಡಿದ್ದರು. ನಾನೂ ಸೇರಿ.

ಇದು ಯಾಕೆ ಹೀಗೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1939ರಲ್ಲಿ ಜನರಲ್ ಮೋಟಾರ್ಸ್ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸ್ ತಂದಾಗ ಅದರಲ್ಲಿ ಕಂಪ್ಯೂಟರ್ ಇರಲಿಲ್ಲ. ಯಾವ ಗೇರ್ ಬೇಕು ಅನ್ನುವುದನ್ನು ಎಣ್ಣೆಯ ಒತ್ತಡವೇ ತೀರ್ಮಾನಿಸುತ್ತಿತ್ತು. ಈಗಿನವುಗಳಲ್ಲಿ ಎಲ್ಲವೂ ಕಂಪ್ಯೂಟರಿನ ಕೈಯಲ್ಲಿ. ತೊಂಬತ್ತರ ದಶಕದ ನನ್ನ ಗಾಡಿಯಂಥವು ಇವೆರಡರ ನಡುವಿನ ಪೀಳಿಗೆ. ಬಲ ಎಣ್ಣೆಯದು, ಅಪ್ಪಣೆ ಕರೆಂಟಿನದು. ಜೊತೆಗೆ ಆಕ್ಸಿಲರೇಟರಿನಿಂದ ಬಾಕ್ಸಿಗೆ ಒಂದು ಉಕ್ಕಿನ ಕೇಬಲ್. ಪೆಡಲ್ ಎಷ್ಟು ಒತ್ತಿದ್ದೀರಿ ಅನ್ನುವುದನ್ನು ಅದು ಒಳಗಿನ ವಾಲ್ವಿಗೆ ಮುಟ್ಟಿಸುತ್ತದೆ. ಅದಕ್ಕೆ ತಕ್ಕ ಹಾಗೆ ಎಣ್ಣೆಯ ಒತ್ತಡ ಏರುತ್ತದೆ. ಹಾಗಾಗಿ ಇಂಥ ಗಾಡಿಯಲ್ಲಿ ಬಾಕ್ಸಿನ ಮೇಲೆ ಅನುಮಾನ ಪಡುವ ಮೊದಲು ಎಣ್ಣೆ, ಕೇಬಲ್, ವೈರ್ ಈ ಮೂರನ್ನು ವಿಚಾರಿಸಬೇಕು. ಮೂರನ್ನೂ ಬಾಕ್ಸ್ ಇಳಿಸದೆ ನೋಡಬಹುದು.

ನನ್ನ ಬಾಕ್ಸಿನಲ್ಲಿ ನಾಲ್ಕು ಗೇರನ್ನು ಆಳುವುದು ಎರಡೇ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್. ಮೊದಲನೆಯದಕ್ಕೆ ಮಾತ್ರ ಕರೆಂಟ್ ಇದ್ದರೆ ಒಂದನೇ ಗೇರ್. ಎರಡಕ್ಕೂ ಇದ್ದರೆ ಎರಡನೇ ಗೇರ್. ಎರಡನೇ ಸೊಲೆನಾಯ್ಡಿಗೆ ಮಾತ್ರ ಇದ್ದರೆ ಮೂರು. ಎರಡಕ್ಕೂ ಇಲ್ಲದಿದ್ದರೆ ನಾಲ್ಕು. ಮೂರನೇ ಸೊಲೆನಾಯ್ಡ್ ಒಂದಿದೆ, ಅದು ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಕನ್ವರ್ಟರನ್ನು ಲಾಕ್ ಮಾಡಲು. ಈಗ ಎರಡನೇ ಸೊಲೆನಾಯ್ಡಿಗೆ ಕರೆಂಟ್ ಹೋಗುತ್ತಿಲ್ಲ ಅಂದುಕೊಳ್ಳಿ. ಎರಡು ಮತ್ತು ಮೂರನೇ ಗೇರ್ ಹುಟ್ಟುವುದೇ ಇಲ್ಲ. ಉಳಿಯುವುದು ಒಂದು ಮತ್ತು ನಾಲ್ಕು. ಮಗಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಅದೇ ಅಲ್ವಾ!

ಇದನ್ನು ಖಚಿತ ಮಾಡಿಕೊಳ್ಳಲು ಇಂಥ ಬಾಕ್ಸ್‌ಗಳಲ್ಲಿ ಒಂದು ಸುಲಭದ ದಾರಿ ಇದೆ. ಸೊಲೆನಾಯ್ಡುಗಳ ಪ್ಲಗ್ ಕಿತ್ತುಬಿಡಿ. ಆಗ ಕಂಪ್ಯೂಟರ್ ಆಟದಿಂದ ಹೊರಗೆ. ಲಿವರ್ ಎಲ್ಲಿಡುತ್ತೀರೋ ಅದೇ ಗೇರ್. ನನ್ನದರಲ್ಲಿ ಎಲ್ಲಕ್ಕಿಂತ ಕೆಳಗಿಟ್ಟರೆ ಒಂದು, ನಡುವೆ ಇಟ್ಟರೆ ಮೂರು, ಡಿ ಅಲ್ಲಿಟ್ಟರೆ ನಾಲ್ಕು. ಬೇರೆ ಬಾಕ್ಸ್‌ಗಳಲ್ಲಿ ಲೆಕ್ಕ ಬೇರೆ ಇರಬಹುದು, ಪುಸ್ತಕ ನೋಡಿಕೊಳ್ಳಬೇಕು. ಬಾಕ್ಸ್ ಬಿಸಿಯಾಗಿದ್ದಾಗಲೇ ನಾನು ಹೀಗೆ ಮಾಡಿ ಅದೇ ಏರು ಹತ್ತಿಸಿದೆ. ಮೂರನೇ ಗೇರಿನಲ್ಲಿ ಗೊಣಗದೆ ಹತ್ತಿತು. ಸವೆದ ಕ್ಲಚ್ ಹಾಗೆ ಎಳೆಯುವುದಿಲ್ಲ. ಈ ಪರೀಕ್ಷೆಯಲ್ಲಿ ಎರಡನೇ ಗೇರ್ ಬರುವುದಿಲ್ಲ ಅನ್ನುವುದೊಂದು ಕೊರತೆ. ಆದರೆ ತಣ್ಣಗಿದ್ದಾಗ ಎರಡು ಚೆನ್ನಾಗಿಯೇ ಇತ್ತಲ್ಲ.

ಒಂದು ಪ್ರಶ್ನೆ ಉಳಿದಿತ್ತು. ಇಂಥ ದೋಷ ಕಂಡರೆ ನಾಲ್ಕನೇ ಗೇರಿಗೆ ಸಂಬಂಧಿಸಿದ ಡ್ಯಾಶ್‌ಬೋರ್ಡಿನಲ್ಲಿ ಓವರ್‌ಡ್ರೈವ್ ಆಫ್ ಅನ್ನುವ ದೀಪ ಮಿಣುಕಬೇಕು. ಮಿಣುಕಿರಲಿಲ್ಲ. ಡ್ಯಾಶ್ ಬಿಚ್ಚಿ ನೋಡಿದರೆ ಬಲ್ಬ್ ಸುಟ್ಟಿತ್ತು! ಎಷ್ಟು ತಿಂಗಳಿನಿಂದ ಗಾಡಿ ಕೂಗಿ ಹೇಳುತ್ತಿತ್ತೋ, ಕೇಳುವವರಿಲ್ಲ. ಉಗುರಿನಷ್ಟು ದೊಡ್ಡ ಬಲ್ಬ್ ಹಾಕಿ, ಪುಸ್ತಕದಲ್ಲಿ ಹೇಳಿದ ಎರಡು ಪಿನ್‌ಗಳ ನಡುವೆ ಒಂದು ತುಂಡು ವೈರ್ ಸಿಕ್ಕಿಸಿದೆ. ದೀಪ ಆರು ಸಲ ಮಿಣುಕಿತು, ತಡೆದು ಮೂರು ಸಲ ಮಿಣುಕಿತು. ಅಂದರೆ ದೋಷದ ಕೋಡ್ 63. ನನ್ನ ಬಾಕ್ಸಿನ ಪುಸ್ತಕದಲ್ಲಿ 62 ಅಂದರೆ ಮೊದಲ ಸೊಲೆನಾಯ್ಡಿನ ಸರ್ಕ್ಯೂಟ್, 63 ಅಂದರೆ ಎರಡನೆಯದು.

ಈ ಹಂತದಲ್ಲೂ ಜನ ಎಡವುತ್ತಾರೆ. ಕೋಡ್ ಬಂತು ಅಂತ ಸೊಲೆನಾಯ್ಡ್ ತರಿಸಿ ಹಾಕಿಬಿಡುತ್ತಾರೆ. ಕೋಡ್ ಹೇಳುವುದು ಸರ್ಕ್ಯೂಟ್ ಅಂತ, ಸೊಲೆನಾಯ್ಡ್ ಅಂತ ಅಲ್ಲ. ಮಲ್ಟಿಮೀಟರ್ ಹಿಡಿದೆ. ಬಾಕ್ಸಿನ ಪಕ್ಕದ ಪ್ಲಗ್ಗಿನಲ್ಲಿ, ತಣ್ಣಗಿದ್ದಾಗ, 13 ಓಮ್. ಇರಬೇಕಾದದ್ದು 11ರಿಂದ 15, ಅಂದರೆ ಸರಿಯಿದೆ. ಬಿಸಿಯಲ್ಲಿ ಸ್ವಲ್ಪ ಏರಿತು, ಅಷ್ಟೇ. ಅದೇ ವೈರನ್ನು ಇನ್ನೊಂದು ತುದಿಯಲ್ಲಿ, ಕಂಪ್ಯೂಟರ್ ಪ್ಲಗ್ಗಿನ ಹತ್ತಿರ ಅಳೆದೆ. ತಣ್ಣಗಿದ್ದಾಗ 13ಕ್ಕೆ ಸ್ವಲ್ಪ ಮೇಲೆ. ಬಿಸಿಯಾದ ಮೇಲೆ ಮೀಟರಿನಲ್ಲಿ ಅಂಕಿಯೇ ಇಲ್ಲ. ಎರಡು ತುದಿಗಳ ನಡುವೆ ಎಲ್ಲೋ ವೈರ್ ತುಂಡಾಗಿದೆ.

ಗಾಡಿಯಡಿ ಮಲಗಿ ಬೆರಳಿನಿಂದ ವೈರ್ ತಡಕುತ್ತಾ ಹೋದೆ. ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ಮೇಲೆ, ಎಕ್ಸಾಸ್ಟ್ ಪೈಪಿಗೆ ಒಂದು ಗೇಣು ದೂರದಲ್ಲಿ ವೈರಿನ ಕಟ್ಟು ಬಾಗುತ್ತದೆ. ಅಲ್ಲಿ ಇರಬೇಕಾದ ಕ್ಲಿಪ್ ಇರಲಿಲ್ಲ. ಹಿಂದೆ ಯಾವಾಗಲೋ ಟ್ರಾನ್ಸ್‌ಫರ್ ಕೇಸ್ ಇಳಿಸಿದವರು ಕ್ಲಿಪ್ ವಾಪಸ್ ಹಾಕದೆ ಬಿಟ್ಟಿದ್ದರು. ಹೊರಗಿನ ಪ್ಲಾಸ್ಟಿಕ್ ನೋಡಲು ನೆಟ್ಟಗಿತ್ತು. ಮಡಚಿದರೆ ಮಾತ್ರ ಒಂದು ಜಾಗದಲ್ಲಿ ಎಲುಬಿಲ್ಲದ ಹಾಗೆ ಮೆತ್ತಗೆ ಬಾಗಿತು. ಒಳಗೆ ತಾಮ್ರ ಮುರಿದಿತ್ತು. ತಣ್ಣಗಿದ್ದಾಗ ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು. ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಕೂದಲೆಳೆಯಷ್ಟು ದೂರವಾಗುತ್ತಿದ್ದವು. ಎರಡು ಅಂಗುಲ ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಮೇಲೆ ಕವಚ ಹೊದಿಸಿ, ಕ್ಲಿಪ್ ಹಾಕಿದೆ. ಇದಾಗಿ ಹದಿನಾಲ್ಕು ತಿಂಗಳಾಯಿತು. ಬಾಕ್ಸ್ ಮತ್ತೆ ಹಾರಿಲ್ಲ.

ಎಲ್ಲ ಗಾಡಿಗೂ ವೈರೇ ಕಾರಣ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಸತ್ತ ಬಾಕ್ಸ್‌ಗಳೂ ಇರುತ್ತವೆ. ಗೆಳೆಯನೊಬ್ಬನ ಗಾಡಿಯ ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಕೆಂಪಗಿರಲಿಲ್ಲ, ತಿಳಿ ಗುಲಾಬಿ ಬಣ್ಣದ ನೊರೆಯಾಗಿತ್ತು. ರೇಡಿಯೇಟರಿನೊಳಗೆ ಗೇರ್ ಎಣ್ಣೆಯನ್ನು ತಣಿಸುವ ಕೊಳವೆ ತೂತಾಗಿ ಕೂಲಂಟ್ ಬಾಕ್ಸಿಗೆ ನುಗ್ಗಿತ್ತು. ಕ್ಲಚ್ ಪ್ಲೇಟಿನ ಪದರವನ್ನು ಹಿಡಿದಿಡುವ ಅಂಟು ಅದಕ್ಕೆ ತಡೆಯುವುದಿಲ್ಲ. ಅಂಥ ಬಾಕ್ಸನ್ನು ಬಿಚ್ಚದೆ ವಿಧಿಯಿಲ್ಲ. ನೀರಿನಲ್ಲಿ ಇಳಿಯುವ ಗಾಡಿಗಳಿಗೆ ಇನ್ನೊಂದು ದಾರಿಯಲ್ಲೂ ಇದೇ ಗತಿ ಬರುತ್ತದೆ. ಬಿಸಿ ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬಾಕ್ಸಿಗೆ ಗಾಳಿ ಆಡಲು ಇರುವ ಉಸಿರಾಟದ ಕೊಳವೆಯ ತುದಿ ನೀರಿನಲ್ಲಿ ಮುಳುಗಿದ್ದರೆ ನೀರನ್ನೇ ಹೀರುತ್ತದೆ. ಕೊಳವೆ ಕೆಸರಿನಿಂದ ಕಟ್ಟಿದ್ದರೆ ಸೀಲ್‌ಗಳ ಸಂದಿಯಿಂದ ಎಳೆದುಕೊಳ್ಳುತ್ತದೆ. ಹಳೆಯ ಗಾಡಿ ಕೊಳ್ಳುವವರು ಆ ಕೊಳವೆ ಎಲ್ಲಿ ಮುಗಿಯುತ್ತದೆ ಅಂತ ಒಮ್ಮೆ ಬಗ್ಗಿ ನೋಡಬೇಕು.

ಎಣ್ಣೆ ನೋಡುವುದರಲ್ಲೇ ಅರ್ಧ ಜನ ತಪ್ಪುತ್ತಾರೆ. ಎಂಜಿನ್ ಆಯಿಲಿನ ಹಾಗೆ ನಿಲ್ಲಿಸಿ ನೋಡುವುದಲ್ಲ ಇದು. ಗಾಡಿ ಸಮತಟ್ಟಾಗಿರಬೇಕು, ಬಾಕ್ಸ್ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು. ಬ್ರೇಕ್ ಒತ್ತಿ ಲಿವರನ್ನು ಎಲ್ಲ ಗೇರಿಗೂ ಒಮ್ಮೆ ತಾಗಿಸಿ ಪಾರ್ಕಿಗೆ ತಂದು ನೋಡಬೇಕು. ಕೆಲವಕ್ಕೆ ನ್ಯೂಟ್ರಲ್‌ನಲ್ಲಿ. ಒಂದು ತೊಟ್ಟು ಬಿಳಿ ಕಾಗದಕ್ಕೆ ಇಳಿಸಿ. ಕಂದು ಬಣ್ಣ ವಯಸ್ಸಿನದು, ಅದಕ್ಕೆ ಗಾಬರಿ ಬೇಡ. ಕಪ್ಪು ಬಣ್ಣ, ಸುಟ್ಟ ವಾಸನೆ, ನಡುವೆ ಕರಿ ಚೂರುಗಳಿದ್ದರೆ ಗಾಬರಿಯಾಗಬಹುದು. ತಳದ ಪ್ಯಾನ್ ಬಿಚ್ಚಿದಾಗ ಮ್ಯಾಗ್ನೆಟ್ಟಿನ ಮೇಲೆ ತೆಳು ಬೂದು ಪೇಸ್ಟ್ ಇರುವುದು ಮಾಮೂಲು. ಹಿತ್ತಾಳೆ ಬಣ್ಣದ ಹೊಳೆಯುವ ಪುಡಿ ಮಾಮೂಲಲ್ಲ, ಅದು ಶಾಫ್ಟ್ ತಿರುಗುವ ಬಳೆಗಳಾದ ಬುಷ್‌ಗಳಿಂದ ಬಂದದ್ದು. ಹಾಗೇ ಸುಮ್ನೆ ಹೇಳುತ್ತೇನೆ, ಒಂದು ಕಾಲಕ್ಕೆ ಈ ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರಜ್ಞರು ತಲೆ ಕೆರೆದುಕೊಂಡು ಬದಲಿ ಹುಡುಕಿದರು.

ಎಣ್ಣೆ ಸ್ವಲ್ಪ ಕಮ್ಮಿಯಿದ್ದರೆ ರಸ್ತೆ ಗಾಡಿ ಹೇಗೋ ಓಡಿಬಿಡುತ್ತದೆ. ಬೆಟ್ಟ ಹತ್ತುವ ಗಾಡಿ ಓಡುವುದಿಲ್ಲ. ಮೂತಿ ಮೇಲೆತ್ತಿದಾಗ ಪ್ಯಾನಿನಲ್ಲಿನ ಎಣ್ಣೆ ಹಿಂದಕ್ಕೆ ಸರಿಯುತ್ತದೆ. ಪಂಪಿನ ಹೀರುವ ಬಾಯಿಗೆ ಗಾಳಿ ಸಿಗುತ್ತದೆ, ಒತ್ತಡ ಬೀಳುತ್ತದೆ, ಆಗ ಕ್ಲಚ್ ನಿಜವಾಗಿಯೂ ಜಾರುತ್ತದೆ. ಏರಿನಲ್ಲಿ ಮಾತ್ರ ಜಾರುವ ಗಾಡಿಯ ಎಷ್ಟೋ ಕಾಯಿಲೆ ಒಂದು ಲೀಟರ್ ಎಣ್ಣೆಯಲ್ಲಿ ಹೋಗುತ್ತದೆ. ಕೇಬಲ್ ಸಡಿಲಾಗಿದ್ದರೂ ಇದೇ ಲಕ್ಷಣ. ಎಂಜಿನ್ ಕೆಲಸ ಮಾಡಿಸಿದ ಮೇಲೆ ಗೇರ್ ಮೆತ್ತಗೆ, ತೇಲಿದ ಹಾಗೆ ಬೀಳತೊಡಗಿದರೆ ಮೊದಲು ಕೇಬಲ್ ನೋಡಿ.

ಬಾಕ್ಸಿನದ್ದಲ್ಲದ ತಪ್ಪನ್ನೂ ಬಾಕ್ಸಿನ ತಲೆಗೆ ಕಟ್ಟುವುದುಂಟು. ಡಿಗೆ ಹಾಕಿದಾಗ ಟಣ್ ಅನ್ನುವುದು ಎಷ್ಟೋ ಸಲ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್. ದೊಡ್ಡ ಟೈರ್ ಹಾಕಿಸಿದ ಮೇಲೆ ಗೇರ್ ತಡವಾಗಿ ಬೀಳುತ್ತದೆ ಅಂದರೆ ಅದು ಲೆಕ್ಕದ ವಿಷಯ, ದೊಡ್ಡ ಚಕ್ರ ಅದೇ ವೇಗಕ್ಕೆ ಕಮ್ಮಿ ಸುತ್ತು ತಿರುಗುತ್ತದೆ. ಪಾರ್ಕಿನಲ್ಲಿ ನಿಲ್ಲಿಸಿದ ಗಾಡಿ ಉರುಳಿದರೆ ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ. ಎಪ್ಪತ್ತು ಎಂಬತ್ತರ ವೇಗದಲ್ಲಿ ಹಗುರವಾಗಿ ಪೆಡಲ್ ಒತ್ತಿದಾಗ ಗಾಡಿ ಗಡಗಡ ಅಂದರೆ, ಆಕ್ಸಿಲರೇಟರ್ ಹಾಗೇ ಇಟ್ಟುಕೊಂಡು ಎಡಗಾಲಿನಿಂದ ಬ್ರೇಕನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಆಗ ಕನ್ವರ್ಟರ್ ಲಾಕ್ ಬಿಟ್ಟುಕೊಳ್ಳುತ್ತದೆ. ತಕ್ಷಣ ಗಡಗಡ ನಿಂತರೆ ತೊಂದರೆ ಲಾಕಪ್ಪಿನದು, ಎಣ್ಣೆ ಬದಲಿಸಿ ನೋಡಬಹುದು. ನಿಲ್ಲದಿದ್ದರೆ ಪ್ಲಗ್, ಕಾಯಿಲ್, ಎಂಜಿನ್ ಮೌಂಟ್ ಕಡೆ ಹೋಗಿ.

ಕೈಗಡಿಯಾರವೂ ಒಂದು ಉಪಕರಣ. ಬಿಸಿ ಬಾಕ್ಸ್, ಐಡಲಿಂಗ್, ಬ್ರೇಕ್ ಒತ್ತಿಕೊಂಡು ನ್ಯೂಟ್ರಲ್‌ನಿಂದ ಡಿಗೆ ಹಾಕಿ. ಗಾಡಿ ಮೆಲ್ಲಗೆ ತಳ್ಳುವುದು ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ನನ್ನಂಥ ಬಾಕ್ಸಿಗೆ ಡಿಗೆ 1.2 ಸೆಕೆಂಡ್, ರಿವರ್ಸಿಗೆ 1.5 ಸೆಕೆಂಡ್ ಮೀರಬಾರದು. ಎರಡೂ ತಡವಾದರೆ ಒತ್ತಡ ಕಮ್ಮಿ ಅಂತ ಅನುಮಾನ. ಒಂದೇ ತಡವಾದರೆ ಆ ಗೇರಿನ ಕ್ಲಚ್ಚನ್ನೋ ಸೀಲನ್ನೋ ವಿಚಾರಿಸಿ. ಇಷ್ಟಾದ ಮೇಲೆ ಬಾಕ್ಸಿನ ಪಕ್ಕದ ಬೋಲ್ಟ್ ಬಿಚ್ಚಿ ಪ್ರೆಷರ್ ಗೇಜ್ ಸಿಕ್ಕಿಸಿದರೆ ಪಂಪಿನ ಹಣೆಬರಹವೂ ತಿಳಿಯುತ್ತದೆ. ಸ್ಟಾಲ್ ಟೆಸ್ಟ್ ಅಂತ ಇನ್ನೊಂದಿದೆ, ಬ್ರೇಕ್ ಒತ್ತಿಕೊಂಡು ಪೆಡಲ್ ಪೂರ್ತಿ ತುಳಿಯುವುದು. ಕೆಲವು ಮೆಕ್ಯಾನಿಕ್‌ಗಳಿಗೆ ಅದೊಂದು ಚಟ. ಐದು ಸೆಕೆಂಡ್ ಮೀರಿದರೆ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ. ಬ್ರೇಕ್ ಹಳೆಯದಾಗಿದ್ದರೆ ಗಾಡಿ ಗೋಡೆಯೊಳಗೆ ಹೋಗುತ್ತದೆ. ನನ್ನ ಗಾಡಿಯ ಮೇಲೆ ಅದನ್ನು ಮಾಡಲು ನಾನು ಯಾರಿಗೂ ಬಿಡುವುದಿಲ್ಲ.

ನಿಮ್ಮ ಲೇಖಕರಿಗೆ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಬರೆಯುವಾಗ ಆ ಒಂದು ಸಾಲನ್ನು ನಾಲ್ಕು ಪ್ಯಾರಾ ಮಾಡಿ. ನಿಮ್ಮ ಪತ್ರಿಕೆ ಓದಿ ಎಷ್ಟು ಜನ ಒಳ್ಳೆಯ ಬಾಕ್ಸನ್ನು ಗುಜರಿಗೆ ಹಾಕುತ್ತಾರೋ ಅಂತ ಸಂಕಟವಾಗುತ್ತದೆ.

ನನ್ನ ಗಾಡಿ ಪೂರ್ತಿ ಸರಿಯಾಗಿದೆ ಅಂತಲೂ ಅಲ್ಲ. ಈಗ ರಾತ್ರಿ ನಿಲ್ಲಿಸಿದ ಕಡೆ ಬೆಳಗ್ಗೆ ಒಂದು ಕೆಂಪು ತೊಟ್ಟು ಇರುತ್ತದೆ. ನನ್ನ ಟ್ರಾನ್ಸ್‌ಫರ್ ಕೇಸಿಗೂ ಅದೇ ಕೆಂಪು ಎಣ್ಣೆ ಹಾಕುವುದರಿಂದ ಬಣ್ಣ ನೋಡಿ ಏನೂ ಹೇಳುವ ಹಾಗಿಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಸೀಲ್ ಅಂತ ನಾನು, ಗೇರ್‌ಬಾಕ್ಸಿನ ಪ್ಯಾನ್ ಗ್ಯಾಸ್ಕೆಟ್ ಅಂತ ಮಗಳು. ಅಡಿಯಲ್ಲಿ ಅಗಲದ ರಟ್ಟು ಹಾಸಿ, ಚಕ್ರಗಳ ಜಾಗಕ್ಕೆ ಗುರುತು ಮಾಡಿ, ತೊಟ್ಟು ಎಲ್ಲಿ ಬೀಳುತ್ತದೆ ಅಂತ ದಿನಾ ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಿದ್ದಾಳೆ. ಸದ್ಯಕ್ಕೆ ಅವಳದೇ ಸರಿ ಅನ್ನಿಸುತ್ತಿದೆ.

ಇಂತಿ,
ನಿಮ್ಮ ಹಳೆಯ ಓದುಗ